ಬ್ಯಾಡಗಿ ಮಂದಿಯನ್ನು ಹತ್ತಿಸಿಕೊಳ್ಳದ ಆನೆ

ಬ್ಯಾಡಗಿ

ನಾನು ಪರದೇಶ ನೋಡಿ ಬಂದವನು. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ತರಗತಿಯಲ್ಲಿ ತುಂಗಭದ್ರೆ ದಾಟಿದವರೇ ಕಡಿಮೆ. ನೇಪಾಳಕ್ಕೆ ಪಾಸ್‌ಪೋರ್ಟ್ ಬೇಕಾಗಿಲ್ಲ, ಹಾಗಾಗಿ ಅದು ಪರದೇಶವೇ ಅಲ್ಲ ಎಂದು ನನ್ನ ಗೆಳೆಯ ಈರಣ್ಣ ಇಡೀ ಶಾಲೆಗೆ ಸಾರಿದ್ದಾನೆ. ಅವನಿಗೆ ನಾನು ಕೊಟ್ಟ ಉತ್ತರ ಒಂದೇ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ತಾಸು ಮುಂದೆ ಓಡುತ್ತದೆ. ಅಂದರೆ ಈರಣ್ಣ ಇನ್ನೂ ಹಲ್ಲು ತಿಕ್ಕುತ್ತಿರುವಾಗ ಅಲ್ಲಿ ನನ್ನ ನಾಷ್ಟಾ ಮುಗಿದಿರುತ್ತಿತ್ತು. ಪರದೇಶ ಎನ್ನಲು ಇನ್ನೇನು ಬೇಕು?

ರಾಣೆಬೆನ್ನೂರಿನ ಶೇಖಣ್ಣ ಪ್ರತಿ ಚಳಿಗಾಲದಲ್ಲಿ ಒಂದು ಬಸ್ಸು ತುಂಬ ಮಂದಿಯನ್ನು ಕಾಶಿಗೂ ಅಲ್ಲಿಂದ ನೇಪಾಳಕ್ಕೂ ಕರೆದೊಯ್ಯುತ್ತಾನೆ. ಅಡುಗೆಯವನು, ಗ್ಯಾಸ್ ಸಿಲಿಂಡರು, ಜೋಳದ ಹಿಟ್ಟು, ಎಲ್ಲ ಬಸ್ಸಿನಲ್ಲೇ. ಈ ಸಲ ನಮ್ಮ ಅಮ್ಮ ಹೊರಟಳು. ನಮ್ಮಲ್ಲಿ ಅಜ್ಜಿಗೆ ಅಮ್ಮ ಎನ್ನುತ್ತೇವೆ, ಹೆತ್ತವಳು ಅವ್ವ. ಅಮ್ಮನ ಚೀಲ ಹೊರಲು ಒಬ್ಬ ಬೇಕಿತ್ತು. ಮನೆಯಲ್ಲಿ ಓದು ತಪ್ಪಿದರೂ ಹೆಚ್ಚೇನೂ ನಷ್ಟವಾಗದವನು ಯಾರು ಎಂದು ಹುಡುಕಿದಾಗ ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು.

ಶೇಖಣ್ಣನ ಪಾಂಪ್ಲೆಟ್ಟಿನಲ್ಲಿ ಒಂದು ಆನೆಯ ಚಿತ್ರವಿತ್ತು. ಚಿತವನ ಎಂಬಲ್ಲಿ ಆನೆ ಸವಾರಿ ಎಂದು ಬರೆದಿತ್ತು. ಅಷ್ಟು ಸಾಕಾಯಿತು. ಆನೆಯ ಕುತ್ತಿಗೆಯ ಮೇಲೆ ಕೂತು, ಅದರ ಕಿವಿ ಹಿಂಡಿ ಓಡಿಸಿ, ಫೋಟೋ ತೆಗೆಸಿಕೊಂಡು ಬರುತ್ತೇನೆಂದು ಶಾಲೆಯಲ್ಲಿ ಹೇಳಿಬಿಟ್ಟೆ. ಈರಣ್ಣ ಹಳೆಯದೊಂದನ್ನು ಕೆದಕಿದ. ನಾನು ಸಣ್ಣವನಿದ್ದಾಗ ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಿದ್ದೆನಂತೆ. ಬೆಚ್ಚುವ ಮಕ್ಕಳನ್ನು ಆನೆಯ ಹೊಟ್ಟೆಯ ಕೆಳಗೆ ತೂರಿಸುವುದು ನಮ್ಮ ಕಡೆಯ ಔಷಧ. ರಾಣೆಬೆನ್ನೂರಿಗೆ ಮಠದ ಆನೆ ಬಂದಾಗ ಅಮ್ಮ ನನ್ನನ್ನು ಎತ್ತಿಕೊಂಡು ಹೋಗಿದ್ದಳು. ನಾನು ಎಷ್ಟು ಜೋರಾಗಿ ಚೀರಿದೆನೆಂದರೆ ಆ ಆನೆಯೇ ರಾತ್ರಿ ಬೆಚ್ಚಿ ಬೀಳತೊಡಗಿತಂತೆ. ಇದು ಊರ ಮಂದಿ ಹೇಳುವ ಮಾತು, ನನಗೆ ನೆನಪಿಲ್ಲ. ಆದ್ದರಿಂದ ಈ ಫೋಟೋ ನನಗೆ ಎಷ್ಟು ಮುಖ್ಯವಾಗಿತ್ತು ಎಂದು ನಿಮಗೆ ತಿಳಿಯಬೇಕು.

ನಮ್ಮೂರಿನ ಬಗ್ಗೆಯೂ ಒಂದು ಮಾತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದು ನಮ್ಮ ಹೆಮ್ಮೆ. ಅಗಡಿಯಿಂದ ನಮ್ಮ ಬೀಗರು ಬಂದರೆ ಬಸ್ಸಿಳಿದ ಕೂಡಲೇ ಘಾಟು ಎಂದು ಸೀನುತ್ತಾರೆ. ನಾವು ನಗುತ್ತೇವೆ. ನಾನಂತೂ ಹುಟ್ಟಿದಾಗಿನಿಂದ ಆ ಘಾಟು ಯಾವುದು ಎಂದು ಮೂಗು ಎತ್ತಿ ಹುಡುಕಿದ್ದೇನೆ, ಸಿಕ್ಕಿಲ್ಲ.

ಗೋರಖಪುರ ದಾಟಿದ ಮೇಲೆ

ಕಾಶಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ. ಗೋರಖಪುರದ ಆಚೆ ರಸ್ತೆ ಇದೆ ಎಂದು ಶೇಖಣ್ಣ ಹೇಳಿದ್ದ. ನಮಗೆ ಕಂಡಿದ್ದು ಗುಂಡಿಗಳು ಮಾತ್ರ. ಕೆಲವು ಗುಂಡಿಗಳಲ್ಲಿ ನಮ್ಮ ಬಸ್ಸು ಇಳಿದರೆ ಒಂದು ಬೀಡಿ ಸೇದುವಷ್ಟು ಹೊತ್ತು ಆಕಾಶ ಕಾಣುತ್ತಿರಲಿಲ್ಲ. ಅಂಥ ಒಂದರಲ್ಲಿ ಸೀಟಿನ ಮೇಲಿನ ಸಾಮಾನಿನ ಹಲಗೆಯಲ್ಲಿದ್ದ ಖಾರದ ಪುಡಿಯ ಚೀಲ ಒಡೆಯಿತು.

ಹದಿನೈದಿಪ್ಪತ್ತು ದಿನದ ಅಡುಗೆಗೆಂದು ಬ್ಯಾಡಗಿಯಲ್ಲೇ ಕುಟ್ಟಿಸಿ ತಂದ ಪುಡಿ ಅದು. ಎಲ್ಲರ ತಲೆ, ಶಾಲು, ಕೌದಿ, ಸೀಟು, ಎಲ್ಲ ಕೆಂಪು. ಚಾಲಕ ಕನ್ನಡಿಯಲ್ಲಿ ನೋಡಿ ಅಪಘಾತವಾಯಿತೆಂದು ಬಸ್ಸು ನಿಲ್ಲಿಸಿದ. ನಮ್ಮ ಮಂದಿ ಮಾತ್ರ ಯಾರೂ ಗಾಬರಿಯಾಗಲಿಲ್ಲ. ಶಾಲು ಕೊಡವಿ, ಬಿದ್ದಷ್ಟು ಪುಡಿಯನ್ನು ಬಳಿದು ಡಬ್ಬಿಗೆ ತುಂಬಿ, ಮತ್ತೆ ಅದೇ ಕೌದಿ ಹೊದ್ದು ಮಲಗಿದರು. ಮೈ ತೊಳೆಯಬಹುದಿತ್ತು. ಆದರೆ ಅಲ್ಲಿಯ ಚಳಿ ಹೇಗಿತ್ತೆಂದರೆ ಬೆಳಿಗ್ಗೆ ನಾನು ಆಡಿದ ಮಾತು ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಕೇಳಿಸುತ್ತಿತ್ತು. ಸ್ನಾನದ ಹೆಸರನ್ನು ಯಾರೂ ಎತ್ತಲಿಲ್ಲ.

ಗಡಿಯಲ್ಲಿ ಒಬ್ಬ ಪೊಲೀಸ್ ತಪಾಸಣೆಗೆ ಹತ್ತಿದ. ಎರಡು ಸೀಟು ದಾಟುವುದರೊಳಗೆ ಸೀನತೊಡಗಿದ, ಕಣ್ಣು ಒರೆಸಿಕೊಂಡ, ಏನನ್ನೂ ನೋಡದೆ ಇಳಿದು ಕೈ ಬೀಸಿಬಿಟ್ಟ. ಪಾಪ, ನೆಗಡಿ ಎಂದು ನಾವು ಮಾತಾಡಿಕೊಂಡೆವು. ಅಮ್ಮ ಅವನಿಗೆ ಶುಂಠಿ ಕಷಾಯ ಹೇಳಿಕೊಡಬೇಕೆಂದಿದ್ದಳು, ಬಸ್ಸು ಹೊರಟಿತು.

ಸೌರಾಹಾ, ಆನೆಯ ಲಾಯ

ಚಿತವನದ ಕಾಡಿನ ಅಂಚಿನಲ್ಲಿ ಸೌರಾಹಾ ಎಂಬ ಊರು. ಅಲ್ಲಿ ನಾವು ಇಳಿದ ಲಾಡ್ಜಿನವರದೇ ಒಂದು ಆನೆ ಲಾಯವಿತ್ತು. ಉಳಿದ ಆನೆಗಳು ಬೇರೆ ಪ್ರವಾಸಿಗಳನ್ನು ಹೊತ್ತು ಬೆಳಿಗ್ಗೆಯೇ ಕಾಡಿಗೆ ಹೋಗಿದ್ದವು. ನಮ್ಮ ಬಸ್ಸಿಗೆಂದು ಉಳಿದದ್ದು ಒಂದು ಹೆಣ್ಣಾನೆ, ಹೆಸರು ಸುಂದರಕಲಿ. ನಾಲ್ಕು ನಾಲ್ಕು ಮಂದಿಯನ್ನು ಸರದಿಯ ಮೇಲೆ ಹೊರಬೇಕಿತ್ತು.

ಅದರ ಸವಾರ ಬುಧಿರಾಮ. ನಮ್ಮ ಸೋದರಮಾವನ ವಯಸ್ಸು, ಕಡ್ಡಿ ಮೈ, ಕಿವಿಯ ಮೇಲೆ ಒಂದು ಬೀಡಿ. ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರಿಂದ ಕಲಿತ ನನ್ನ ಹಿಂದಿ, ಯಾರಿಂದ ಕಲಿತದ್ದೋ ಗೊತ್ತಿಲ್ಲದ ಅವನ ಹಿಂದಿ, ಎರಡೂ ಸೇರಿ ಒಂದು ಹೊಸ ಭಾಷೆಯಾಯಿತು. ಅದನ್ನು ಆಡಬಲ್ಲವರು ಜಗತ್ತಿನಲ್ಲಿ ನಾವಿಬ್ಬರೇ. ಆದರೂ ಅವನು ಹೇಳಿದ್ದು ನನಗೆ ತಿಳಿಯಿತು.

ಅಲ್ಲಿ ಒಂದು ಆನೆಗೆ ಮೂವರು ಆಳು. ನಮ್ಮಲ್ಲಿ ಮಾವುತ ಎಂದರೆ ಆನೆಯ ದೊರೆ. ಅಲ್ಲಿ ಮಾವುತ ಎಂದರೆ ಎಲ್ಲರಿಗಿಂತ ಕೆಳಗಿನವನು, ಲದ್ದಿ ಎತ್ತಿ ಲಾಯ ಗುಡಿಸುವವನು. ಅವನ ಮೇಲೆ ಹುಲ್ಲು ಕೊಯ್ದು ತರುವವನು. ಎಲ್ಲರ ಮೇಲೆ ಫಣೀತ್, ಕುತ್ತಿಗೆಯ ಮೇಲೆ ಕೂತು ನಡೆಸುವವನು. ಬುಧಿರಾಮ ಮೀಸೆ ಚಿಗುರುವ ಮೊದಲೇ ಲದ್ದಿ ಎತ್ತಲು ಬಂದವನು. ಅವನ ಅಪ್ಪ ಇದೇ ಸುಂದರಕಲಿಯ ಫಣೀತ್ ಆಗಿದ್ದನಂತೆ. ಅಪ್ಪ ಹೋದ ಮೇಲೆ ಆ ಕುತ್ತಿಗೆ ಬೇರೊಬ್ಬನಿಗೆ ಸಿಕ್ಕಿತು. ಅವನಿಗೂ ವಯಸ್ಸಾಗಿ, ಈಗ ಬುಧಿರಾಮನ ಪಾಳಿ. ಪ್ರವಾಸಿಗಳನ್ನು ಹೊತ್ತು ನಡೆಸುವ ಅವನ ಮೊದಲ ದಿನ ಅದು. ಬೇಲಿಯ ಆಚೆ ಅವನ ಹೆಂಡತಿ ಕೂಸು ಎತ್ತಿಕೊಂಡು ನಿಂತಿದ್ದಳು. ಸೆರಗಿನಲ್ಲಿ ಚೆಂಡು ಹೂವಿನ ಹಾರ ಮುಚ್ಚಿಟ್ಟುಕೊಂಡಿದ್ದಳು, ಮೊದಲ ಸುತ್ತು ಮುಗಿಸಿ ಬಂದರೆ ಹಾಕಲು.

ಲಾಯದ ಮುಖ್ಯಸ್ಥನಿಗೆ ಅಲ್ಲಿ ದರೋಗಾ ಎನ್ನುತ್ತಾರೆ. ಆ ಮುದುಕ ಮಂಚದ ಮೇಲೆ ಮಫ್ಲರ್ ಸುತ್ತಿಕೊಂಡು ಕೂತು ಎಲ್ಲ ನೋಡುತ್ತಿದ್ದ. ಸಂಜೆಯೊಳಗೆ ಆನೆ ಬುಧಿರಾಮನ ಮಾತು ಕೇಳಿ ಮಂದಿಯನ್ನು ಹೊರದಿದ್ದರೆ ನಾಳೆ ಆ ಕುತ್ತಿಗೆಯ ಮೇಲೆ ಬೇರೆಯವನು, ಬುಧಿರಾಮ ಮತ್ತೆ ಪೊರಕೆಗೆ. ದರೋಗಾ ಹೀಗೆ ಹೇಳಿದ್ದಾನೆಂದು ಬುಧಿರಾಮ ನಗುತ್ತಲೇ ತಿಳಿಸಿದ. ಸುಂದರಕಲಿ ತನ್ನ ಅಕ್ಕನಿದ್ದ ಹಾಗೆ, ಇವತ್ತಿನವರೆಗೆ ಒಮ್ಮೆಯೂ ಮಾತು ಮೀರಿಲ್ಲ, ಹೆದರಿಕೆಯ ಮಾತೇ ಇಲ್ಲ ಎಂದೂ ಹೇಳಿದ.

ಅವನು ಆಗ ಆನೆಯ ನಾಷ್ಟಾ ಕಟ್ಟುತ್ತಿದ್ದ. ಹಸಿ ಹುಲ್ಲಿನ ಸಿವುಡನ್ನು ಬಟ್ಟಲಿನ ಹಾಗೆ ಮಡಚಿ, ಒಳಗೆ ಭತ್ತ, ಬೆಲ್ಲ, ಉಪ್ಪು ತುಂಬಿ, ಮೇಲೆ ಹುಲ್ಲಿನಿಂದಲೇ ಬಿಗಿಯುವುದು. ನಮ್ಮ ಕರ್ಚಿಕಾಯಿಯನ್ನು ಹುಲ್ಲಿನಲ್ಲಿ ಮಾಡಿದ ಹಾಗೆ. ಯಾರಾದರೂ ಅಡುಗೆ ಮಾಡುವುದನ್ನು ನೋಡಿ ಸುಮ್ಮನಿರುವುದು ಅಮ್ಮನಿಗೆ ಆಗದ ಕೆಲಸ. ಬೆಳಿಗ್ಗೆ ಚಟ್ನಿಗೆ ಕೈಯಾಡಿಸಿ ಬಂದವಳು ಅವನ ಪಕ್ಕ ಕೂತು ಕಟ್ಟತೊಡಗಿದಳು. ಅವನದಕ್ಕಿಂತ ಚೆಂದ ಕಟ್ಟಿದಳು. ದರೋಗಾ ಕೂಡ ತಲೆಯಾಡಿಸಿದ.

ಬುಧಿರಾಮ ತಾನು ಕಟ್ಟಿದ್ದನ್ನು ಕೊಟ್ಟ, ಆನೆ ತಿಂದಿತು. ಅಮ್ಮ ಕಟ್ಟಿದ್ದನ್ನು ಕೊಟ್ಟ. ಆನೆ ಬಾಯಿಗಿಟ್ಟುಕೊಂಡಿತು, ಯೋಚಿಸಿತು, ನಂತರ ಹೊರಗೆಸೆಯಿತು. ಅದು ಹೋಗಿ ದರೋಗಾನ ಮಂಚದ ಕೆಳಗೆ ಬಿತ್ತು. ದರೋಗಾ ಬಗ್ಗಿ ಅದನ್ನು ನೋಡಿದ, ನಂತರ ಬುಧಿರಾಮನನ್ನು ನೋಡಿದ. ಬುಧಿರಾಮನ ನಗೆ ಅರ್ಧಕ್ಕೆ ಬಂತು.

ಅಮ್ಮನಿಗೆ ಅವಮಾನವಾಯಿತು. ತನ್ನ ಕೈಯಡುಗೆಯನ್ನು ಮೊದಲ ಸಲ ಬಿಟ್ಟವರು ಇವರೇ ಎಂದು ಆನೆಯನ್ನು ಬಹುವಚನದಲ್ಲಿ ಬೈದಳು. ನಿಮ್ಮ ಅಣ್ಣನ ಮದುವೆಯಲ್ಲಿ ಅರ್ಧ ಹಾವೇರಿಯೇ ಬಿಟ್ಟಿತ್ತು ಎಂದು ಬಸ್ಸಿನ ಹಿಂದಿನ ಸೀಟಿನ ಯಾರೋ ಗೊಣಗಿದರು.

ಅಟ್ಟಣೆಯ ಮೇಲೆ

ಆನೆ ಹತ್ತಲು ಅಲ್ಲಿ ಒಂದು ಮರದ ಅಟ್ಟಣೆ ಕಟ್ಟಿದ್ದಾರೆ. ಮೆಟ್ಟಿಲೇರಿ ಮೇಲೆ ನಿಂತರೆ ಆನೆಯ ಬೆನ್ನು ನಮ್ಮ ಕಾಲಿನ ಮಟ್ಟಕ್ಕೆ. ಬೆನ್ನಿಗೆ ಮಂಚ ತಿರುವಿ ಹಾಕಿದಂಥ ಕಟ್ಟಿಗೆಯ ಚೌಕಟ್ಟು. ಮೊದಲ ಸರದಿಗೆ ಶೇಖಣ್ಣ, ಅಮ್ಮ, ನಾನು ಮತ್ತು ಹಿಂದಿನ ಸೀಟಿನ ಗೊಣಗುವವರು.

ಶೇಖಣ್ಣ ಒಂದು ಕಾಲು ಚೌಕಟ್ಟಿನ ಮೇಲಿಟ್ಟ. ಸುಂದರಕಲಿ ಸೊಂಡಿಲೆತ್ತಿ ಅವನ ಶಾಲು ಮೂಸಿತು. ಕಿವಿ ಅಗಲಿಸಿತು. ಬುಸ್ಸೆಂದು ಗಾಳಿ ಬಿಟ್ಟಿತು. ಅದು ನಮ್ಮ ಗಿರಣಿಯ ಬೆಲ್ಟು ಹರಿದಾಗಿನ ಸದ್ದು. ನಂತರ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಿತು. ಶೇಖಣ್ಣನ ಒಂದು ಕಾಲು ನೇಪಾಳದಲ್ಲಿ, ಇನ್ನೊಂದು ಆನೆಯ ಮೇಲೆ. ನಡುವೆ ಅವನ ಪ್ಯಾಂಟು ಎಷ್ಟು ತಡೆಯಬಲ್ಲದು ಎಂದು ಎಲ್ಲರಿಗೂ ಗೊತ್ತಾಯಿತು.

ಅವನನ್ನು ಎಳೆದುಕೊಂಡೆವು. ಬುಧಿರಾಮ ಆನೆಯನ್ನು ತಿರುಗಿಸಿ ತಂದ. ಅಮ್ಮ ಮುಂದೆ ಬಂದಳು. ಅಷ್ಟರಲ್ಲಿ ಬುಧಿರಾಮ ಸೀನಿದ.

ಅಮ್ಮ ಎತ್ತಿದ ಕಾಲು ಕೆಳಗಿಟ್ಟಳು. "ಒಂಟಿ ಸೀನು. ಎಲ್ಲಾರೂ ಕುಂದ್ರಿ, ನೀರು ಕುಡೀರಿ."

ಹೊರಡುವಾಗ ಒಂಟಿ ಸೀನು ಬಂದರೆ ಕೆಲಸ ಕೆಡುತ್ತದೆ, ಎರಡು ಬಂದರೆ ಪರವಾಗಿಲ್ಲ. ಇದು ನಮ್ಮಲ್ಲಿ ಮಗುವಿಗೂ ಗೊತ್ತು. ಇಡೀ ಬಸ್ಸು ನೆಲದ ಮೇಲೆ ಕೂತು ನೀರು ಕುಡಿಯಿತು. ಮತ್ತೆ ಹೊರಟೆವು. ಈ ಸಲ ದರೋಗಾ ಸೀನಿದ, ಒಂದೇ ಸಲ. ಮತ್ತೆ ಕೂತೆವು. ಶೇಖಣ್ಣನಿಗೆ ತಡೆಯಲಾಗಲಿಲ್ಲ, ಹೋಗಿ ದರೋಗಾನ ಮುಂದೆ ಕೈ ಮುಗಿದ. "ಯಜಮಾನ್ರ, ಇನ್ನೊಂದು ಸೀನ್ರಿ. ನಿಮ್ಮ ಕಾಲು ಹಿಡೀತೇನಿ."

ದರೋಗಾನಿಗೆ ಏನು ತಿಳಿಯಿತೋ, ಬುಧಿರಾಮನನ್ನು ಕರೆದು ಬೈದ. ನಾನು ಅನುವಾದ ಮಾಡಬೇಕೆಂದರು. ನನಗೆ ಒಂದು ಅಕ್ಷರವೂ ಗೊತ್ತಾಗಲಿಲ್ಲ. ಮಂಜು ಜಾಸ್ತಿ ಇದೆ, ಎಲ್ಲರಿಗೂ ನೆಗಡಿ ಅನ್ನುತ್ತಿದ್ದಾರೆ ಎಂದು ಹೇಳಿಬಿಟ್ಟೆ.

ಮೂರನೆಯ ಸಲ ನನ್ನನ್ನು ಮುಂದೆ ದೂಡಿದರು. ನಿಜ ಹೇಳುವುದಾದರೆ ಸುಂದರಕಲಿಯ ಕಣ್ಣು ಹತ್ತಿರದಿಂದ ಕಂಡಾಗ ನಾನು ಹಿಂದಿದ್ದ ಅಮ್ಮನ ಸೆರಗು ಹಿಡಿದುಕೊಂಡೆ. ಅದು ನನ್ನ ಸ್ವೆಟರ್ ಮೂಸಿ ಹಿಂದೆ ಸರಿದಾಗ ನನಗೆ ಸಂತೋಷವೇ ಆಯಿತು. ಆನೆಗೇ ನನ್ನನ್ನು ಕಂಡರೆ ಹೆದರಿಕೆ ಎಂದು ತಿರುಗಿ ಎಲ್ಲರಿಗೂ ಹೇಳಿದೆ.

ಆಮೇಲೆ ಬುಧಿರಾಮನ ಮುಖ ನೋಡಿದೆ. ಅವನು ಆನೆಯ ಕಿವಿಯ ಹಿಂದೆ ಅಂಗೈ ಇಟ್ಟು ಮೆಲ್ಲಗೆ ಏನೋ ಕೇಳುತ್ತಿದ್ದ. ಕೇಳುವ ಧಾಟಿಯಲ್ಲಿ ಯಾಕೆ, ಇವತ್ತೇ ಯಾಕೆ ಎಂಬುದು ಮಾತ್ರ ನನಗೂ ತಿಳಿಯಿತು. ಆನೆ ಅವನ ಹೆಂಡತಿ ಬೇಲಿಯ ಮೇಲೆ ಎತ್ತಿ ಹಿಡಿದ ಕೂಸನ್ನು ಸೊಂಡಿಲ ತುದಿಯಿಂದ ನಿಧಾನಕ್ಕೆ ಸವರಿತು. ದರೋಗಾ ಹತ್ತಿರ ಹೋದರೂ ಸುಮ್ಮನೆ ನಿಂತಿತು. ನಾವು ಹೋದರೆ ಮಾತ್ರ ದೂರ.

ಹಾಗಾದರೆ ತಪ್ಪು ನಮ್ಮಲ್ಲೇ ಇದೆ ಎಂದಾಯಿತು. ಯಾರದು ಎಂಬ ವಿಚಾರಣೆ ಅಟ್ಟಣೆಯ ಕೆಳಗೇ ಶುರುವಾಯಿತು. ಕದರಮಂಡಲಗಿ ಹನುಮಪ್ಪನಿಗೆ ಹರಕೆ ಹೊತ್ತು ತೀರಿಸದವರು ಯಾರು, ಮನೆ ಬಿಡುವಾಗ ಕಾಯಿ ಒಡೆಯದವರು ಯಾರು, ಅಮಾವಾಸ್ಯೆಯ ಮರುದಿನ ಬಸ್ಸು ಬಿಟ್ಟವನು ಯಾರು. ಕೊನೆಯದಕ್ಕೆ ಶೇಖಣ್ಣನೇ ಸಿಕ್ಕಿಬಿದ್ದ. ಅವನು ಸುಮ್ಮನಿರುವವನಲ್ಲ. "ಸಣ್ಣಾಂವಿದ್ದಾಗ ಮಠದ ಆನಿ ಹೆದರಿಸಿದ್ದು ಈ ಮಂಜ್ಯಾ ಅಲ್ಲೇನ್ರಿ? ಆನಿಗೋಳು ಮರೆಯೂದಿಲ್ಲ, ಒಂದಕ್ಕೊಂದು ಹೇಳಿಕೊಂಡಿರ್ತಾವು." ರಾಣೆಬೆನ್ನೂರಿನ ಆನೆ ನೇಪಾಳದ ಆನೆಗೆ ಸುದ್ದಿ ಮುಟ್ಟಿಸಿದ್ದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು.

ನದಿ

ಬಿಸಿಲೇರಿದಾಗ ಆನೆಯನ್ನು ನದಿಗೆ ಇಳಿಸುವ ಹೊತ್ತಾಯಿತು. ದರೋಗಾ ಎದ್ದು ಅಂಕುಶವನ್ನು ಬುಧಿರಾಮನ ಕೈಯಿಂದ ತೆಗೆದುಕೊಂಡು ಮಂಚದ ಮೇಲಿಟ್ಟ. ಬುಧಿರಾಮ ಬರಿಗೈಯಲ್ಲಿ ಆನೆಯ ಜೊತೆ ನಡೆದು ಹೋದ. ಮೇಲೆ ಹತ್ತಲಿಲ್ಲ. ಅವನ ಹೆಂಡತಿ ಹಾರವನ್ನು ಸೆರಗಿನ ಇನ್ನೂ ಒಳಗೆ ತಳ್ಳಿದಳು.

ನಮ್ಮವರ ಬಾಯಿಂದ ತಪ್ಪಿಸಿಕೊಳ್ಳಲು ನಾನೂ ಅವನ ಹಿಂದೆ ಹೋದೆ. ಪ್ಯಾಂಟು ಮಡಚಿ, ದೂರ, ಅಂದರೆ ಆನೆಗಿಂತ ನೇಪಾಳದ ರಾಜಧಾನಿಯೇ ಹತ್ತಿರ ಎನ್ನುವಷ್ಟು ದೂರ ನಿಂತೆ. ಬುಧಿರಾಮ ಕಲ್ಲಿನಿಂದ ಅದರ ಬೆನ್ನು ತಿಕ್ಕುತ್ತಿದ್ದ. ಸುಂದರಕಲಿ ಸೊಂಡಿಲ ತುಂಬ ನೀರೆಳೆದು ನನ್ನ ಕಡೆ ತಿರುಗಿತು. ಅಷ್ಟು ದೂರವೂ ಸಾಲದಾಗಿತ್ತು.

ನಮ್ಮ ಹೊಲದ ಪಂಪಿಗೆ ಮೂರು ತಾಸು ಕರೆಂಟು ಬಂದರೆ ಎಷ್ಟು ನೀರು ಬರುತ್ತದೋ ಅಷ್ಟು ನೀರು ಒಂದೇ ಸಲ ನನ್ನ ಮೇಲೆ. ಬಿದ್ದೆ, ಎದ್ದೆ, ಮತ್ತೆ ಹೊಡೆಯಿತು. ಸ್ವೆಟರ್ ಭಾರವಾಗಿ ಮಂಡಿಗೆ ಇಳಿಯಿತು, ಅದನ್ನು ಕಿತ್ತೆಸೆದೆ. ಓಡಲು ನೋಡಿದರೆ ಆನೆಯೇ ಹತ್ತಿರ ಬಂದು ಸೊಂಡಿಲನ್ನು ಹೆಗಲ ಮೇಲಿಟ್ಟಿತು. ಕಣ್ಣು ಮುಚ್ಚಿಕೊಂಡೆ. ಒದ್ದೆ, ಬೆಚ್ಚಗಿನ ಗಾಳಿ ಕುತ್ತಿಗೆಯ ಹತ್ತಿರ ಬಂದು ಹೋಯಿತು. ಬುಸ್ಸೆನ್ನಲಿಲ್ಲ. ಕಿವಿ, ತಲೆ, ಬೆನ್ನು ಮೂಸಿ, ಅಲ್ಲೇ ನಿಂತಿತು. ಬುಧಿರಾಮ ಕಲ್ಲು ನೀರಿಗೆ ಬಿಟ್ಟು ನನ್ನನ್ನೇ ನೋಡುತ್ತಿದ್ದ.

ನಾನು ತೊಯ್ದ ಮೈಯಲ್ಲೇ ಓಡಿ ಬಂದು ವಿಷಯ ಹೇಳಿದೆ. ಆನೆಗೆ ನಾನು ಯಾರೆಂದು ಈಗ ಗುರುತು ಸಿಕ್ಕಿದೆ ಎಂದೂ ಸೇರಿಸಿದೆ. ಅಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ನಂತರ ಎದ್ದು ಇಡೀ ಬಸ್ಸಿನ ಕಡೆ ತಿರುಗಿದಳು.

"ಕಾಶಿ ಬಿಟ್ಟ ಮ್ಯಾಲೆ ಯಾರರ ಮೈಗೆ ನೀರು ಹಾಕ್ಕೊಂಡೀರೇನು? ಆನಿ ಅಂದ್ರ ಗಣಪ್ಪ. ಮೈಲಿಗೀಲೆ ಗಣಪ್ಪನ ಮ್ಯಾಲೆ ಕುಂದರಾಕ ಹೋದ್ರ ಅಂವ ಯಾಕ ಸುಮ್ನಿರ್ತಾನ? ಏಳ್ರಿ, ನಡೀರಿ ಹೊಳಿಗೆ."

ಚಳಿ ಎಂದರು, ಕೀಲು ನೋವು ಎಂದರು, ಮೊಸಳೆ ಇದೆಯಂತೆ ಎಂದರು. ಅಮ್ಮ ಯಾರದೂ ಕೇಳಲಿಲ್ಲ. ಶಾಲು, ಮಫ್ಲರು, ಸ್ವೆಟರುಗಳು ದಂಡೆಯ ಮೇಲೆ ಗುಡ್ಡೆಯಾದವು. ಎಲ್ಲರೂ ಸಾಲಾಗಿ ಮುಳುಗಿ ಎದ್ದರು, ಹಲ್ಲು ಕಡಿಯುವ ಸದ್ದಿಗೆ ಆಚೆ ದಂಡೆಯ ಹಕ್ಕಿಗಳು ಹಾರಿದವು. ನೀರು ಸ್ವಲ್ಪ ಕೆಂಪಾಯಿತು. ಹೆಂಗಸರ ಕುಂಕುಮ ಎಂದು ಶೇಖಣ್ಣ ಹೇಳಿದ. ದರೋಗಾ ದಂಡೆಗೆ ಬಂದು ಈ ಜಾತ್ರೆಯನ್ನು ನೋಡಿ ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡ.

ಚೀಲದಲ್ಲಿದ್ದ ಒಗೆದ ಬಟ್ಟೆ ಉಟ್ಟು ಮತ್ತೆ ಅಟ್ಟಣೆ ಏರಿದೆವು. ಬುಧಿರಾಮ ಬರಿಗೈಯಲ್ಲೇ ಕುತ್ತಿಗೆಯ ಮೇಲೆ ಕೂತ. ಅಮ್ಮ ಕಾಲಿಟ್ಟಳು. ಸೊಂಡಿಲು ಬಂತು, ಮೂಸಿತು, ಕೆಳಗಿಳಿಯಿತು. ಶೇಖಣ್ಣ ಕೂತ. ಗೊಣಗುವವರು ಕೂತರು. ನಾನು ಅವರವರ ಕೈ ಹಿಡಿದು ಕೂರಿಸಿದೆ, ಆದಷ್ಟು ನಿಧಾನವಾಗಿ, ಕೊನೆಗೆ ನಾಲ್ವರಲ್ಲಿ ನನ್ನ ಹೊರತು ಯಾರೂ ಉಳಿಯಲಿಲ್ಲ, ನಾನೂ ಹತ್ತಿದೆ. ಬುಧಿರಾಮ ಬೆರಳುಗಳಿಂದ ಕಿವಿಯ ಹಿಂದೆ ತಟ್ಟಿದ. ಸುಂದರಕಲಿ ಹೊರಟಿತು.

ಕಾಡಿನಲ್ಲಿ ಏನು ಕಂಡೆ ಎಂದರೆ, ಬುಧಿರಾಮನ ಬೆನ್ನು. ನಾನು ಅದನ್ನು ತಬ್ಬಿಕೊಂಡಿದ್ದೆ. ಲಾಯಕ್ಕೆ ಮರಳಿದಾಗ ಅವನ ಹೆಂಡತಿ ಬೇಲಿ ದಾಟಿ ಬಂದು ಹಾರವನ್ನು ಮೇಲಕ್ಕೆಸೆದಳು. ಅದು ಆನೆಯ ಕಿವಿಗೆ ಸಿಕ್ಕಿಕೊಂಡಿತು. ದರೋಗಾ ಮಂಚದಿಂದ ಅಂಕುಶ ತೆಗೆದು ಮೇಲೆ ಚಾಚಿದ. ಬುಧಿರಾಮ ಬಗ್ಗಿ ಅದನ್ನು ಎರಡೂ ಕೈಯಿಂದ ತೆಗೆದುಕೊಂಡ. ಕೆಳಗೆ ನಿಂತ ನಮ್ಮವರ ಕ್ಯಾಮೆರಾದ ರೀಲಿನಲ್ಲಿ ಉಳಿದಿದ್ದ ಕೊನೆಯ ಫೋಟೋ ಆಗಲೇ ತೆಗೆದದ್ದು. ಅದರಲ್ಲಿ ನನ್ನ ಕಣ್ಣು ಮುಚ್ಚಿವೆ. ಬಿಸಿಲು ಇತ್ತು.

ಬಸ್ಸಿನ ಕಿಟಕಿ

ಹೊರಡುವಾಗ ಬುಧಿರಾಮ ಬಸ್ಸಿನವರೆಗೆ ಬಂದ. ಬೆಳಿಗ್ಗೆಯಿಂದ ಆನೆಗೆ ಏನಾಗಿತ್ತು ಎಂದು ಕೇಳಿದೆ. ತಿಳಿಯಲಿಲ್ಲ ಎಂದು ತಲೆ ಕೆರೆದುಕೊಂಡ. ನಮಗೂ ತಿಳಿದಿರಲಿಲ್ಲ. ಅಮ್ಮನ ಪ್ರಕಾರ ಮೈಲಿಗೆ, ಗೊಣಗುವವರ ಪ್ರಕಾರ ಹರಕೆ, ನನ್ನ ಪ್ರಕಾರ ನಾನು.

ಅಮ್ಮ ಕಿಟಕಿಯಿಂದ ಒಂದು ಪೇಪರ್ ಪೊಟ್ಟಣ ಚಾಚಿದಳು. ತಾನು ಯಾರಿಗಾದರೂ ಕೊಡಬಹುದಾದ ಅತಿ ದೊಡ್ಡ ಉಡುಗೊರೆ ಅದು. "ನಿನ್ನ ಹೆಣ್ತಿಗೆ ಕೊಡೋ ತಮ್ಮಾ. ಬಣ್ಣ ಚಲೋ ಬರ್ತೈತಿ, ಖಾರ ಇರೂದಿಲ್ಲ."

ಅವನು ತೆಗೆದುಕೊಂಡು ಮೂಗಿಗೆ ಹಿಡಿದ. ಸೀನಿದ. ಬಸ್ಸಿನಲ್ಲಿ ಎಲ್ಲರೂ ಉಸಿರು ಬಿಗಿ ಹಿಡಿದರು. ಅವನು ಇನ್ನೊಮ್ಮೆ ಸೀನಿದ. ಎರಡಾದವು ಎಂದು ಶೇಖಣ್ಣ ಚಾಲಕನಿಗೆ ಸೀಟಿ ಊದಿದ.

ಬುಧಿರಾಮ ಪೊಟ್ಟಣ ನೋಡಿದ. ನಮ್ಮ ಬಸ್ಸು ನೋಡಿದ. ಹಿಂದೆ ಲಾಯದ ಕಡೆ ನೋಡಿದ. ಆಮೇಲೆ ನಗತೊಡಗಿದ, ಬಗ್ಗಿ, ಮಂಡಿ ಹಿಡಿದುಕೊಂಡು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಗುತ್ತಲೇ ಇದ್ದ. ಪೊಟ್ಟಣವನ್ನು ಹಾವಿನ ಬಾಲ ಹಿಡಿದ ಹಾಗೆ ಕೈ ಉದ್ದಕ್ಕೆ ಚಾಚಿ ಮೈಯಿಂದ ದೂರ ಹಿಡಿದಿದ್ದ. ಈ ದೇಶದವರು ಉಡುಗೊರೆ ಹಿಡಿಯುವ ರೀತಿ ಇದು ಎಂದು ನಾನು ಹಿಂದಿನ ಸೀಟಿನವರಿಗೆ ವಿವರಿಸಿದೆ.

ಮತ್ತೆ ಬ್ಯಾಡಗಿ

ನಾವು ಮರಳುವಷ್ಟರಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾಗಿತ್ತು. ಬಸ್ ನಿಲ್ದಾಣದ ಆಚೆ ಮಾರುಕಟ್ಟೆಯ ಬಯಲು ತುಂಬ ಕೆಂಪು ರಾಶಿ. ಫೋಟೋ ನೋಡಲು ಈರಣ್ಣ ಬಂದು ನಿಂತಿದ್ದ. ನಾನು ಎದೆ ಉಬ್ಬಿಸಿ ಕೆಳಗಿಳಿದೆ, ಉಸಿರೆಳೆದೆ. ಮೂಗಿನೊಳಗೆ ಯಾರೋ ಬೆಂಕಿ ಕಡ್ಡಿ ಗೀರಿದ ಹಾಗಾಯಿತು.

ಜೀವಮಾನದಲ್ಲಿ ಮೊದಲ ಸಲ ನಮ್ಮೂರು ನನ್ನ ಮೂಗಿಗೆ ಬಂತು. ಸೀನಿದೆ.

"ಅಗಡಿ ಬೀಗರಂಗ ಸೀನಾಕತ್ತೀಯಲ್ಲೋ," ಎಂದ ಈರಣ್ಣ.

ಅಮ್ಮ ಚೀಲ ಕೆಳಗಿಟ್ಟು, ಒಂಟಿ ಸೀನು, ಕಟ್ಟೆಯ ಮೇಲೆ ಕೂರು ಎಂದಳು. ಕೂತೆ. ಅಮ್ಮ ಶಾಲಿನ ಅಂಚಿನಿಂದ ನನ್ನ ಮೂಗು ಒರೆಸಲು ಬಂದಳು. ದಂಡೆಯ ಮೇಲೆ ಕೊಡವಿದ್ದು ಬಿಟ್ಟರೆ ನೀರು ಕಾಣದ ಶಾಲು ಅದು. ನಾನು ಅದನ್ನು ಹಿಡಿದು ಕೈ ಉದ್ದಕ್ಕೆ ಚಾಚಿ ಮೈಯಿಂದ ದೂರ ಮಾಡಿದೆ. ಹಾಗೆ ಚಾಚಿದ ನನ್ನ ಕೈಯನ್ನು ನಾನೇ ನೋಡಿದೆ. ಪೊಲೀಸ್, ದರೋಗಾ, ಹುಲ್ಲಿನ ಕರ್ಚಿಕಾಯಿ, ಕೆಂಪು ನೀರು, ಎಲ್ಲ ಒಂದರ ಹಿಂದೊಂದು ಬಂದವು. ನಗು ತಡೆಯಲಾಗಲಿಲ್ಲ. ಆನೆ ದೂರ ಸರಿದದ್ದು ನಮ್ಮ ಖಾರದ ಘಾಟಿಗೆ ಎಂದು ನಗುತ್ತಲೇ ಅಮ್ಮನಿಗೆ ಹೇಳಿದೆ.

ಅಮ್ಮ ನಗಲಿಲ್ಲ. ಶಾಲನ್ನು ಮೂಗಿಗೆ ಹಿಡಿದು ಮೂಸಿದಳು.

"ಹಂಗಾರ ಆ ಪುಡಿ? ಅಂವ ಅದನ್ನ ಉಂಡು ಆನಿ ಕಡೆ ಹೋದ್ರ?"

ಅವನಿಗೆ ಆಗಲೇ ಗೊತ್ತಾಗಿತ್ತು ಎಂದೆ. ಪೊಟ್ಟಣ ಹೇಗೆ ಹಿಡಿದಿದ್ದ ನೋಡಲಿಲ್ಲವೇ ಎಂದು ಮತ್ತೊಮ್ಮೆ ಕೈ ಚಾಚಿ ತೋರಿಸಿದೆ.

"ನಕ್ಕಿದ್ದು ಖರೇನ?"

"ಖರೇನ ಅಮ್ಮಾ. ಮಣಕಾಲು ಹಿಡಕೊಂಡು ನಕ್ಕಿದ್ದ."

ಅಮ್ಮ ತಲೆಯಾಡಿಸಿದಳು. ಶಾಲು ಇನ್ನೂ ಮೂಗಿನ ಹತ್ತಿರವೇ ಇತ್ತು. ಮುಖ ಸೊಟ್ಟ ಮಾಡಿ, ಕಣ್ಣು ಮುಚ್ಚಿ, ಇಡೀ ನಿಲ್ದಾಣಕ್ಕೆ ಕೇಳುವಂತೆ ಸೀನಿದಳು. ಆಮೇಲೆ ಚೀಲ ಎತ್ತಿ ನನ್ನ ಕೈಗೆ ಕೊಟ್ಟಳು.

"ಎರಡಾದವು. ನಡೀ ಇನ್ನ ಮನಿಗೆ."